ಐದೂ ಭಾಗದಲ್ಲಿ ಸತ್ತವನು ನಾನೇ

ನನ್ನಷ್ಟು ಅಂಜುಬುರುಕ ಇಳಕಲ್ಲಿನಲ್ಲಿ ಇನ್ನೊಬ್ಬನಿರಲಾರ. ಆದರೂ ಅಂಜಿಕೆಯ ಪ್ರಸಂಗಗಳೆಲ್ಲ ನನ್ನ ಮನೆಯನ್ನೇ ಕೇಳಿಕೊಂಡು ಬರುತ್ತವೆ. ಹಲ್ಲಿ ಲೊಚಗುಟ್ಟಿದರೂ ಬೆಚ್ಚುವ ನಾನು ಒಂದು ದೆವ್ವದ ಸಿನಿಮಾದ ಐದು ಭಾಗಗಳಲ್ಲಿ ಐದು ಸಲ ಸತ್ತಿದ್ದೇನೆಂದರೆ ಯಾರೂ ನಂಬುವುದಿಲ್ಲ.

ಇದಕ್ಕೆಲ್ಲ ಕಾರಣ ಒಂದು ಮದುವೆ. ನಾನು ಸೀರೆ ನೇಯುವವನು. ನಮ್ಮ ಓಣಿಯ ಮದುವೆಯೊಂದಕ್ಕೆ ಬಾಗಲಕೋಟೆಯ ವಿದ್ಯಾಗಿರಿಯಿಂದ ವಿಡಿಯೋದವರೊಬ್ಬರು ಬಂದಿದ್ದರು. ಅಕ್ಷತೆಯ ಹೊತ್ತಿಗೆ ನನ್ನ ಬೆನ್ನ ಹಿಂದೆ ಯಾರೋ ಪಟಾಕಿ ಹಚ್ಚಿದರು. ಆಗಿನ ನನ್ನ ಮುಖ ಕ್ಯಾಮೆರಾದಲ್ಲಿ ಸಿಕ್ಕಿಬಿಟ್ಟಿತು. ಎಂಟು ದಿನಕ್ಕೆ ವಿಡಿಯೋದವರು ನನ್ನನ್ನು ಹುಡುಕಿಕೊಂಡು ಬಂದರು.

"ಒಂದ್ ದೆವ್ವಿನ ಸಿನಿಮಾ ತಗೀಬೇಕಂತ ಮಾಡೀನ್ರಿ, ಫೋನಿನ್ಯಾಗ ಬಿಡಾಕ. ಸಾಯಾಂವ ನೀವ ಆಗಬೇಕು. ಇಷ್ಟು ಛಂದ ಅಂಜಿದ ಮಾರಿ ನಾ ಎಲ್ಲೂ ನೋಡಿಲ್ಲ."

ನನ್ನ ಮುಖಕ್ಕೆ ಛಂದ ಎಂಬ ಮಾತು ಬಂದದ್ದು ಅದೇ ಮೊದಲು. ಉಬ್ಬಿ ಒಪ್ಪಿಕೊಂಡುಬಿಟ್ಟೆ. ಅವ್ವ ನೆನಪಾದದ್ದು ಆಮೇಲೆ.

ನನಗಿಂತ ಮೊದಲು ಅವ್ವ ಎರಡು ಕೂಸು ಕಳೆದುಕೊಂಡವಳು. ನಾನಾದರೂ ಸಾವಿನ ಕಣ್ಣಿಗೆ ಬೀಳದಿರಲಿ ಎಂದು ನನ್ನನ್ನು ತಿಪ್ಪೆಯ ಮೇಲೆ ಉರುಳಿಸಿ, ಮೂಗು ಚುಚ್ಚಿಸಿ, ತಿಪ್ಪಣ್ಣನೆಂದು ಹೆಸರಿಟ್ಟಿದ್ದಳು. ಈಗ ಅವಳ ಎದೆ ಸೂಕ್ಷ್ಮ. "ಗಾಬರಿ ಆಗೂವಂಥಾದ್ದು ಏನೂ ಆಕಿ ಕಣ್ಣಿಗೆ ಬೀಳಬಾರದು ನೋಡ್ರಿ" ಎಂದು ದವಾಖಾನೆಯಲ್ಲಿ ಡಾಕ್ಟರು ಎರಡೆರಡು ಸಲ ಹೇಳಿದ್ದರು. ಇದ್ದೊಬ್ಬ ಮಗ ರಕ್ತ ಕಾರಿಕೊಂಡು ಬಿದ್ದದ್ದನ್ನು ಕಂಡರೆ, ಅದು ಆಟವೇ ಆಗಿರಲಿ, ಆ ಎದೆ ತಡೆದೀತೇ? ಹೀಗಾಗಿ ಪ್ರತಿ ಸಲವೂ ಸುಳ್ಳು: "ವಿಡಿಯೋದವರ ಜೋಡಿ ಮದುವಿಗೆ ಹೋಗಿ ಬರ್ತೇನವ್ವ, ಲೈಟ್ ಹಿಡ್ಯಾಕ." ಅವ್ವನ ಹತ್ತಿರ ಫೋನಿರಲಿಲ್ಲ; ಮನೆಯಲ್ಲಿ ನಿಜ ಗೊತ್ತಿದ್ದದ್ದು ನನ್ನ ಹೆಂಡತಿಗೊಬ್ಬಳಿಗೇ. ದೆವ್ವಕ್ಕೆ ಅಂಜಿದ್ದಕ್ಕಿಂತ ಹತ್ತು ಪಟ್ಟು ನಾನು ಅಂಜಿದ್ದು ಈ ಗುಟ್ಟು ಒಡೆದೀತೆಂದು.

ಬೆಲ್ಲದ ರಕ್ತ

ಮೊದಲನೆಯ ಭಾಗದಲ್ಲಿ ಸತ್ತದ್ದು ಬಾದಾಮಿಯ ಹೊರಗೆ, ಕೆಂಪು ಬಂಡೆಗಳ ನಡುವೆ. ನಮ್ಮ ಕಡೆ ದೆವ್ವಗಳು ಮಟಮಟ ಮಧ್ಯಾಹ್ನವೂ ತಿರುಗುತ್ತವೆ, ಹಾಗಾಗಿ ಎಲ್ಲವನ್ನೂ ಹಗಲಲ್ಲೇ ತೆಗೆದರು. ದೆವ್ವ ನನ್ನನ್ನು ಬಂಡೆಯಿಂದ ನೂಕಬೇಕು, ನಾನು ಕೆಳಗೆ ರಕ್ತದಲ್ಲಿ ಬಿದ್ದಿರಬೇಕು.

ರಕ್ತ ಮಾಡಿದವರು ವಿಡಿಯೋದವರ ಭಾವ, ಅಮೀನಗಡದಲ್ಲಿ ಕರದಂಟಿನ ಅಂಗಡಿ ಇಟ್ಟವರು. ಬೆಲ್ಲದ ಪಾಕಕ್ಕೆ ಕೆಂಪು ಬಣ್ಣ ಕಲಸಿ ಕೊಡಪಾನದಲ್ಲಿ ತಂದಿದ್ದರು. ಮೂಸಿ ನೋಡಿದರೆ ಘಮಘಮ.

"ರಕ್ತಕ್ಕ ಯಾಲಕ್ಕಿ ಯಾಕ್ರಿ?" ಎಂದೆ.

"ರೂಢಿ ರೀ. ಕೈ ತಡೀಲಿಲ್ಲ."

ಹಣೆಯಿಂದ ಎದೆಯವರೆಗೆ ಸುರಿದರು. ಉಸಿರು ಬಿಗಿಹಿಡಿದು ಕಣ್ಣು ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಎದೆಯ ಮೇಲೆ ಏನೋ ಬಂದು ಕೂತಿತು. ಬೆಚ್ಚಗಿತ್ತು, ಉಸಿರಾಡುತ್ತಿತ್ತು. ತಣ್ಣನೆಯ ಸಣ್ಣ ಬೆರಳುಗಳು ನನ್ನ ಎರಡೂ ಕೆನ್ನೆ ಹಿಡಿದವು. ದೆವ್ವದ ಪಾರ್ಟು ಮಾಡುತ್ತಿದ್ದಾಕೆ ನಮ್ಮೂರಿನ ಹೊಲಿಗೆಯ ಅಕ್ಕ. ಆಕೆಯ ಕೈ ಇಷ್ಟು ಸಣ್ಣದಿಲ್ಲ. ಹಾಗಾದರೆ ಇದು ಖರೆ ದೆವ್ವವೇ ಎಂದು ನನ್ನ ಜೀವ ಬಾಯಿಗೆ ಬಂತು. ಅಷ್ಟರಲ್ಲಿ ಒಂದು ನಾಲಿಗೆ ನನ್ನ ಹಣೆಯನ್ನು ಉದ್ದಕ್ಕೂ ನೆಕ್ಕಿತು.

ಕಣ್ಣು ಬಿಟ್ಟರೆ ಮಂಗ. ಸುತ್ತಲೂ ಇನ್ನೂ ಹತ್ತು ಹನ್ನೆರಡು ಮಂಗಗಳು ತಮ್ಮ ಪಾಳಿಗೆ ಕಾಯುತ್ತ ಕೂತಿದ್ದವು. "ಓಡಿಸ್ರೀ" ಎಂದು ಹಲ್ಲು ಕಚ್ಚಿಕೊಂಡೇ ಅಂದೆ. ವಿಡಿಯೋದವರಿಗೆ ಕೆಲಸದ ಭರದಲ್ಲಿ ತಾವು ಎಲ್ಲಿದ್ದೇವೆಂಬುದೇ ಮರೆತಿತ್ತು. "ಹಂಗ ಇರ್ರಿ, ಇಬ್ಬರೂ ಸ್ವಲ್ಪ ಈ ಕಡೆ ನೋಡಿ ನಗ್ರಿ" ಎಂದರು.

ಕೊನೆಗೆ ಮಂಗಗಳು ನನ್ನನ್ನು ಪೂರ್ತಿ ಚೊಕ್ಕಟ ಮಾಡಿಯೇ ಹೋದವು. ಕರದಂಟಿನವರು ಬಂದು ಭುಜ ತಟ್ಟಿದರು. "ಒಂದರೇ ಮಂಗ್ಯಾ ಮಾರಿ ಕಿವುಚಿತೇನ್ರಿ? ಪಾಕ ಹದಾ ಬಂದೈತಿ ನೋಡ್ರಿ."

ದೇವರ ಕೋಲಿ

ಎರಡನೆಯ ಭಾಗದಲ್ಲಿ ನಾನು ಬೇರೊಬ್ಬನಾಗಿ ಸಾಯಬೇಕಿತ್ತು; ಅದಕ್ಕೆ ಹಳೇ ಬಾಗಲಕೋಟೆಯ ಕಡೆ ಹೋದೆವು. ಹಿನ್ನೀರು ಬಂದು ಜನ ಬಿಟ್ಟುಹೋದ ಮನೆಗಳಲ್ಲಿ ಒಂದು. ಮಾಡು ಅರ್ಧ ಕುಸಿದಿತ್ತು, ಗೋಡೆಯ ಆಚೆ ನೀರು. ದೆವ್ವ ಬಾಗಿಲಿನಿಂದ ಬಂದು ನನ್ನನ್ನು ಎಳೆದೊಯ್ದು ಮುಳುಗಿಸಬೇಕು.

ಹೊಲಿಗೆಯ ಅಕ್ಕ ಮುಖಕ್ಕೆ ಸುಣ್ಣ ಬಳಿದುಕೊಂಡು, ಕೂದಲು ಬಿಟ್ಟುಕೊಂಡು ಬಾಗಿಲಲ್ಲಿ ನಿಂತಳು. ನಾನು ಅಂಜಬೇಕಾದಷ್ಟು ಅಂಜಿದೆ. ಆಗ ಅವಳ ಬೆನ್ನ ಹಿಂದಿನ ಕತ್ತಲೆಯಿಂದ ಇನ್ನೊಂದು ಬಂತು. ಬಿಳೀ ಧೋತರ, ಬಿಳೀ ಅಂಗಿ, ಬಿಳೀ ಟೋಪಿ. ಕಾಲಿನ ಸಪ್ಪಳವೇ ಇಲ್ಲ. ನಾನು ಕಿರುಚಿದೆ. ವಿಡಿಯೋದವರು ಕ್ಯಾಮೆರಾ ಬಿಟ್ಟು ಓಡಿದರು, ಅವರ ಭಾವ ಅವರಿಗಿಂತ ಮುಂದೆ ಓಡಿದರು. ನನ್ನ ಕಾಲು ಏಳಲೇ ಇಲ್ಲ. ದೆವ್ವ ತಿರುಗಿ ನೋಡಿ "ಯವ್ವಾ!" ಎಂದು ಬಂದು ನನ್ನನ್ನೇ ತಬ್ಬಿಕೊಂಡಿತು.

ಆ ಬಿಳೀ ಆಕೃತಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿತು. "ತಂಗೀ, ಅದು ದೇವರ ಕೋಲಿ ಆಗಿತ್ತು. ಕೂದಲಾ ಕಟಗೊಂಡು ನಿಂದ್ರವ್ವ" ಎಂದಿತು.

ಆ ಮನೆಯಲ್ಲಿ ಹಿಂದೆ ಇದ್ದ ಯಜಮಾನರು ಅವರು. ಊರು ಬಿಟ್ಟು ಹೋದರೂ ಆಗಾಗ ಬಂದು ಗೋಡೆ ಮುಟ್ಟಿ ನೋಡಿ ಹೋಗುತ್ತಾರಂತೆ. ನನಗೆ ಒಮ್ಮೆಲೇ ನಾಚಿಕೆಯಾಯಿತು. ಅವರ ದೇವರ ಕೋಣೆಯಲ್ಲಿ ನಾವು ದೆವ್ವ ಆಡಿಸುತ್ತಿದ್ದೆವು. ವಿಡಿಯೋದವರು ಮೆಲ್ಲಗೆ ತಿರುಗಿ ಬಂದು ಕೇಳಿದರು: "ಯಜಮಾನ್ರ, ಈ ಮನ್ಯಾಗ ಖರೇನ ದೆವ್ವ ಇತ್ತೇನ್ರಿ?"

"ನಮ್ಮ ಚಿಗವ್ವ ಇದ್ಲಲ್ಲಪಾ ಇಲ್ಲಿ, ನಲವತ್ತ ವರ್ಷ" ಎಂದರು ಯಜಮಾನರು. "ದೆವ್ವ ಯಾಕ ಬರ್ತಾವು?"

ಕರೆದು ತಂದದ್ದು

ಅದೇ ಭಾಗದ ಕೊನೆಯಲ್ಲಿ ಮಂತ್ರ ಹಾಕುವವನು ಭಂಡಾರದ ಅರಿಸಿನ ಎರಚಿ "ಹೋಗ್ತೀಯೋ ಇಲ್ಲೋ?" ಎಂದು ಗದರಿಸುತ್ತಾನೆ. ದೆವ್ವ "ಹೋಗ್ತೇನಿ" ಎಂದು ಮಾಯವಾಗಬೇಕು. ಅಲ್ಲಿಗೆ ಕತೆ ಮುಗಿಯಿತು.

ಆದರೆ ಹೊಲಿಗೆಯ ಅಕ್ಕನ ಬಾಯಿಗೆ ಆ ಮಾತು ಬರಲೊಲ್ಲದು. ಮನೆಯಿಂದ ಹೊರಡುವಾಗ 'ಹೋಗ್ತೇನಿ' ಅನ್ನುವುದು ನಮ್ಮಲ್ಲಿ ಅಪಶಕುನ, 'ಬರ್ತೇನಿ' ಅನ್ನಬೇಕು. ಆರು ಸಲ ತೆಗೆದರು, ಆರು ಸಲವೂ ಆಕೆ ಸೆರಗು ಹೊದ್ದು, ಕೈಮುಗಿದು, "ಬರ್ತೇನ್ರಿ" ಎಂದಳು. ವಿಡಿಯೋದವರು ಸಾಕಾಗಿ ಹಾಗೇ ಇಟ್ಟರು.

ಹುನಗುಂದದ ಒಂದು ಕಲ್ಯಾಣ ಮಂಟಪದಲ್ಲಿ ಪರದೆ ಕಟ್ಟಿ ತೋರಿಸಿದೆವು. ದೆವ್ವ ತೊಲಗುವ ಹೊತ್ತು ಬಂತು, ಜನ ಉಸಿರು ಬಿಟ್ಟು ಚಪ್ಪಲಿ ಹುಡುಕತೊಡಗಿದರು. ದೆವ್ವ ಎಲ್ಲರ ಕಡೆ ತಿರುಗಿ ಕೈಮುಗಿಯಿತು. "ಬರ್ತೇನ್ರೀ."

ಮುಂದಿನ ಸಾಲಿನ ಒಬ್ಬ ಮುದುಕಿ ರೂಢಿಯ ಬಲದಿಂದ ಗಟ್ಟಿಯಾಗಿ ಅಂದಳು: "ಹೂಂ, ಬಾರವ್ವಾ, ಬರ್ತಾ ಇರು."

"ಯಾಕ ಕರದ್ಯಬೇ ಅದನ್ನ!" ಎಂದು ಅವಳ ಸೊಸೆ ಚೀರಿದಳು. ಬಾಗಿಲು ಒಂದೇ ಇತ್ತು, ಜನ ಮುನ್ನೂರು. ಅಷ್ಟು ಮರ್ಯಾದೆಯಿಂದ ಕರೆದ ಮೇಲೆ ಮೂರನೆಯ ಭಾಗ ಮಾಡದೆ ನಮಗೂ ಗತಿಯಿರಲಿಲ್ಲ.

ಕುಣಿಯೊಳಗೆ

ಮೂರನೆಯ ಭಾಗ ಇಳಕಲ್ಲಿನಲ್ಲೇ, ಬೇರೆ ಓಣಿಯ ಒಬ್ಬ ನೇಕಾರರ ಮನೆಯಲ್ಲಿ. ನಮ್ಮ ಕೈಮಗ್ಗದಲ್ಲಿ ನೇಯುವವನು ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರುತ್ತಾನೆ. ದೆವ್ವ ಆ ಕುಣಿಯೊಳಗಿಂದ ನನ್ನ ಕಾಲು ಹಿಡಿಯಬೇಕು.

ಇಪ್ಪತ್ತು ವರ್ಷದಿಂದ ಕುಣಿಯಲ್ಲಿ ಕಾಲಿಟ್ಟವನು ನಾನು. ಒಮ್ಮೆಯೂ ಕೆಳಗೆ ಬಗ್ಗಿ ನೋಡಿದವನಲ್ಲ. ಅಂದು ಕೂತ ಕೂಡಲೇ ಯಾವುದೋ ಕೈ ನನ್ನ ಪಾದ ಹಿಡಿಯಿತು. ಹೊಲಿಗೆಯ ಅಕ್ಕ ಕೆಲಸಕ್ಕೆ ಭಾಳ ಚುರುಕು ಅಂದುಕೊಂಡೆ. ಕತ್ತೆತ್ತಿದರೆ ಅಕ್ಕ ಎದುರಿಗೆ ನಿಂತು ಚಹಾ ಕುಡಿಯುತ್ತಿದ್ದಾಳೆ!

ನಾನು ಕೂಗಿದ ಕೂಗಿಗೆ ಓಣಿಯ ಮಗ್ಗಗಳೆಲ್ಲ ನಿಂತವಂತೆ. ಹಾರಿ ಮಗ್ಗಕ್ಕೆ ಬಿಗಿದ ಹಾಸಿನ ನೂಲಿನ ಮೇಲೆಯೇ ಬಿದ್ದೆ, ನೂರಾರು ಎಳೆ ಪಟಪಟ ಹರಿದವು. ಕುಣಿಯೊಳಗಿಂದ ಒಂದು ಕರೀ ಬೆಕ್ಕು ನೆಗೆದು ನನ್ನ ತಲೆ ತುಳಿದು ಹೋಯಿತು. ವಿಡಿಯೋದವರಿಗೆ ಹಿಡಿಸಲಾರದಷ್ಟು ಸಂತೋಷ: "ಇಷ್ಟು ಖರೇ ಸಾವು ನಾ ನೋಡಿದ್ದಿಲ್ರಿ!" ಮಗ್ಗದ ಯಜಮಾನರಿಗೆ ಮಾತ್ರ ಬೇರೆಯೇ ಚಿಂತೆ: "ಸತ್ತದ್ದು ಸಾಕು, ಎದ್ದು ಎಳಿ ಕಟ್ಟಲೇ." ಅವತ್ತು ಸಂಜೆಯ ತನಕ ಹೆಣವೇ ಕೂತು ಎಳೆ ಕಟ್ಟಿತು.

ಮನೆಗೆ ಹೋದರೆ ಅವ್ವ ಬಾಗಿಲಲ್ಲೇ ಕೂತಿದ್ದಳು.

"ಮದುವಿ ಹೆಂಗಾತೋ?"

"ಚಲೋ ಆತವ್ವ."

"ಕಾಲಿಗೇನಾತು, ರಕ್ತ ಬಂದೈತಿ?"

"ಗದ್ದಲದಾಗ ಯಾರೋ ಬೀಗರು ತುಳದ್ರವ್ವ."

ಅವ್ವ ಪಾದವನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. "ಉಗುರು ಕಡಕೊಳ್ಳಲಾರದ ಬೀಗರು" ಎಂದು ಅರಿಸಿನ ತರಲು ಒಳಗೆ ಹೋದಳು.

ನಾಲ್ಕನೆಯ ಭಾಗದಲ್ಲಿ ಬಾವಿಗೆ ಬಿದ್ದು ಸತ್ತೆ. ಅದರಲ್ಲಿ ನಗುವಂಥದ್ದು ಏನೂ ಇಲ್ಲ. ಬಾವಿಯಲ್ಲಿ ನಿಜವಾಗಿಯೂ ಹಾವಿತ್ತು.

ಅಳುವವರು

ಐದನೆಯ ಭಾಗದಲ್ಲಿ ನನ್ನ ಹೆಣವನ್ನು ನಮ್ಮ ಕಡೆಯ ರೂಢಿಯಂತೆ ಅಂಗಳದಲ್ಲಿ ಕೂಡಿಸಿ, ಹೆಂಗಸರು ಸುತ್ತ ಕೂತು ಅಳಬೇಕಿತ್ತು. ಇಳಕಲ್ಲಿನಲ್ಲೇ ತೆಗೆಯುವುದೆಂದು ಗೊತ್ತಾದಾಗ ನಾನು ಎರಡು ದಿನ ಮೊದಲೇ ಅವ್ವನನ್ನು ಹುನಗುಂದಕ್ಕೆ, ನನ್ನ ತಂಗಿಯ ಮನೆಗೆ ಕಳಿಸಿದೆ. ಆ ದಿನ ಬೆಳಿಗ್ಗೆ ಅಂಗಳ ಕೊಡಲು ಒಪ್ಪಿದ್ದ ಇಳಕಲ್ಲಿನ ಮನೆಯವರು ಕೈಯೆತ್ತಿದರು. "ನಮ್ಮ ಅಂಗಳದಾಗ ಹೆಣಾ ಕೂಡಸ್ತೀರಿ? ನಡೀರಿ ಮೊದಲ."

ವಿಡಿಯೋದವರು ಯಾರಿಗೋ ಫೋನು ಮಾಡಿ ಬೇರೆ ಮನೆ ಗೊತ್ತು ಮಾಡಿದರು. ಹಿಂದೆ ಸಾಮಾನಿನ ಸಂದಿಯಲ್ಲಿ ಕೂತಿದ್ದ ನನಗೆ ದಾರಿ ಕಾಣಲಿಲ್ಲ; ಗಾಡಿ ನಿಂತಾಗ ಇಳಿದು ನೋಡುತ್ತೇನೆ, ಹುನಗುಂದ! ತಂಗಿಯ ಮನೆಯ ಓಣಿಯೇ! ನಾಲ್ಕು ಬಾಗಿಲು ದಾಟಿದರೆ ಅವ್ವ.

"ಇಲ್ಲಿ ಬ್ಯಾಡ್ರಿ, ನಿಮ್ಮ ಕಾಲು ಬೀಳ್ತೇನಿ. ನಮ್ಮವ್ವ ನೋಡಿದ್ರ ಆಕಿ ಎದಿ ನಿಂತ ಹೋಗತೈತಿ."

"ಹತ್ತ ನಿಮಿಷದ ಕೆಲಸ ರೀ. ಮಧ್ಯಾಹ್ನ ಐತಿ, ಮಲಗಿರ್ತಾರ. ಲಗೂ ಸತ್ತು ಎದ್ದುಬಿಡ್ರಿ."

ಗೋಡೆಗೆ ಆನಿಸಿ ಕೂಡಿಸಿದರು. ಹಣೆಗೆ ವಿಭೂತಿ, ಕೊರಳಿಗೆ ಮಾಲೆ, ಮೂಗಿಗೆ ಹತ್ತಿ, ಗದ್ದಕ್ಕೊಂದು ಕಟ್ಟು. ಕಣ್ಣು ಮುಚ್ಚಿದೆ. ಓಣಿಯ ಹೆಂಗಸರು ಬಂದು ಕೂತರು, ಆದರೆ ಯಾರೂ ಅಳಲಿಲ್ಲ.

"ಅಳ್ರೆವ್ವಾ" ಎಂದರು ವಿಡಿಯೋದವರು.

"ಏನಂತ ಅಳೂಣ್ರಿ?" ಎಂದಿತು ಒಂದು ಹಿರಿಯ ದನಿ. "ಯಾರ ಮಗ, ಏನ ಉಣತಿದ್ದ, ಯಾರ ಜೋಡಿ ಜಗಳಾಡತಿದ್ದ, ಏನರ ಗೊತ್ತಿದ್ರ ಹಾಡ್ಯಾಡಿ ಅಳಬಹುದು."

"ಸುಮ್ನ ಅಯ್ಯೋ ಅಂದ್ರ ಆತವ್ವಾ."

"ಸುಮ್ನ ಅಯ್ಯೋ ಅನ್ನೂದು ಹಲ್ಲ ನೋವಿಗೆ ರೀ."

ವಾದ ನಡೆಯಿತು. ಹತ್ತು ನಿಮಿಷ ಇಪ್ಪತ್ತಾಯಿತು. ಆಗ ಓಣಿಯಲ್ಲಿ ಬಳೆಗಳ ಸದ್ದು ಕೇಳಿಸಿತು. ನಲವತ್ತು ವರ್ಷ ಕೇಳಿದ ಸದ್ದು. ಹೆಂಗಸರು ಸರಿದು ದಾರಿ ಬಿಟ್ಟರು. ಯಾರೋ ನನ್ನ ಎದುರಿಗೆ ಕುಸಿದು ಕೂತರು.

ಅಷ್ಟು ಅಂಜಿಕೆಯನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಕಣ್ಣು ಮುಚ್ಚಿಯೇ ಇದ್ದರೆ, ಮಗ ಸತ್ತನೆಂದು ಅವಳ ಎದೆ ಒಡೆಯುತ್ತದೆ. ಥಟ್ಟನೆ ತೆರೆದರೆ, ಹೆಣ ಕಣ್ಣು ಬಿಟ್ಟಿತೆಂದು ಒಡೆಯುತ್ತದೆ. ಗದ್ದದ ಕಟ್ಟಿನಿಂದ ಬಾಯಿಯೂ ಬಿಚ್ಚುವಂತಿಲ್ಲ. ಎರಡು ಕೂಸು ಕಳೆದುಕೊಂಡವಳಿಗೆ ನಾನು ಎಂಥ ಕೆಲಸ ಮಾಡಿಬಿಟ್ಟೆ ಎಂದು ಒಳಗೇ ಅಳು ಬಂತು. ಅಷ್ಟರಲ್ಲಿ ಅವ್ವ ದನಿ ತೆಗೆದಳು.

"ಎರಡ ಹೂವ ಉದುರಿದ ಮ್ಯಾಲೆ ನಿಂತ ಕಾಯೋ ನನ್ನಪ್ಪಾ,
ಗುಡುಗು ಬಂದ್ರ ನನ್ನ ಸೆರಗಿನಾಗ ಸೇರಿದವನೋ ನನ್ನಪ್ಪಾ..."

ಹೆಂಗಸರು ಒಮ್ಮೆಲೇ ಗೊಳೋ ಎಂದರು. ಅವರಿಗೆ ಬೇಕಾದದ್ದು ಸಿಕ್ಕಿತ್ತು.

"ಮದುವ್ಯಾದ ಮ್ಯಾಲೆ ಹೆಂಡತಿ ಸೆರಗಿನಾಗ ಸೇರಿದವನೋ ನನ್ನಪ್ಪಾ,
ಜಿರಳಿ ಕಂಡ್ರ ಹೆಂಡತೀನ ಮುಂದ ದೂಡಿದವನೋ ನನ್ನಪ್ಪಾ..."

ವಿಡಿಯೋದವರು ಕೆಮ್ಮಿದಂತೆ ನಕ್ಕರು. ನನ್ನ ಕಿವಿ ಬಿಸಿಯಾದವು. ಅವ್ವನ ದನಿ ಇನ್ನಷ್ಟು ಏರಿತು.

"ಮದುವೀಗಂತ ಹೇಳಿ ದೆವ್ವಿನ ಕೈಯಾಗ ಸಾಯಾಕ ಹೋದ್ಯೋ ನನ್ನಪ್ಪಾ,
ತಂಗಿ ಫೋನಿನ್ಯಾಗ ನಾಕೂ ಭಾಗ ನಾ ನೋಡೀನೋ ನನ್ನಪ್ಪಾ,
ನಾಕೂ ಸಲ ಎದಿ ಹಿಡಕೊಂಡು ಕುಂತೇನೋ ನನ್ನಪ್ಪಾ,
ಹೇಳಿದ್ರ ನೀ ಅಂಜತೀ ಅಂತ ಹೇಳಲಿಲ್ಲೋ ನನ್ನಪ್ಪಾ..."

ತಡೆಯಲಾಗಲಿಲ್ಲ, ಒಂದು ಕಣ್ಣು ತೆರೆದೆ. ಅವ್ವನ ಮುಖ ಗೇಣು ದೂರದಲ್ಲಿತ್ತು. ಕೆನ್ನೆಯೆಲ್ಲ ತೊಯ್ದಿತ್ತು, ಆ ಕಣ್ಣೀರು ಸಿನಿಮಾದ್ದಲ್ಲ. ಅವಳು ನನ್ನ ಎರಡೂ ಕೈ ಹಿಡಿದುಕೊಂಡು, ಅಳುತ್ತಲೇ ನನ್ನ ಕಿವಿಗೆ ಬಾಯಿಟ್ಟಳು.

"ಕಣ್ಣ ಮುಚ್ಚೋ ಹುಚ್ಚಾ, ಕ್ಯಾಮೆರಾ ಇನ್ನೂ ನಡದೈತಿ."