ದೊಡ್ಡಪ್ಪ ಮಗುಚಿದ ಕಲ್ಲುಗಳು

ನಮ್ಮ ದೊಡ್ಡಪ್ಪನನ್ನು ನಿಮ್ಮ ಮನೆಯ ಶುಭಕಾರ್ಯಕ್ಕೆ ಕರೆಯುವುದಾದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಿತ್ತಲಲ್ಲಿರುವ ಬಟ್ಟೆ ಒಗೆಯುವ ಕಲ್ಲನ್ನು ಎಲ್ಲಾದರೂ ಬಚ್ಚಿಡಿ! ಬೆಳ್ಳಿ ಲೋಟ, ಕುಂಕುಮದ ಬಟ್ಟಲು, ಹೊಸ ಚಪ್ಪಲಿ ಎಲ್ಲ ಹೊರಗೇ ಬಿದ್ದಿರಲಿ, ಅವರು ಕಣ್ಣೆತ್ತಿಯೂ ನೋಡುವುದಿಲ್ಲ. ಕಲ್ಲು ಕಂಡಿತೋ, ಮಗುಚಿ ನೋಡದೆ ಬಿಡುವ ಆಸಾಮಿಯಲ್ಲ.

ನನ್ನ ತಂಗಿಯ ನಿಶ್ಚಿತಾರ್ಥದ ದಿನ ಗಂಡಿನ ಮನೆಯಲ್ಲಿ ತಟ್ಟೆ ಬದಲಾಯಿಸುವ ಹೊತ್ತಿಗೆ ಹಿರಿಯರು ಬೇಕೆಂದು ಹುಡುಕಿದರೆ ದೊಡ್ಡಪ್ಪ ಮಾಯ. ಕಡೆಗೆ ಸಿಕ್ಕಿದ್ದು ಹಿತ್ತಲಲ್ಲಿ. ರೇಷ್ಮೆಯಂಚಿನ ಪಂಚೆ ಉಟ್ಟುಕೊಂಡೇ ನೆಲದ ಮೇಲೆ ಬೋರಲು ಮಲಗಿ, ಸೆಲ್‌ಫೋನಿನ ಬೆಳಕನ್ನು ಒಗೆಯುವ ಕಲ್ಲಿನ ಅಡಿಗೆ ಬಿಡುತ್ತಿದ್ದರು. ಗಂಡಿನ ಅಜ್ಜಿ ಚೊಂಬು ಹಿಡಿದು ಪಕ್ಕದಲ್ಲೇ ನಿಂತಿದ್ದಳು.

"ಏನ್ ಬಿದ್ದೋಯ್ತು ಬೀಗ್ರೇ?"

"ಏನೂ ಬಿದ್ದಿಲ್ಲ ತಾಯಿ. ಅಡಿಯಾಗೆ ಏನಾರ ಬರ್ದೈತಾ ಅಂತ ನೋಡ್ತಾವ್ನಿ."

ಅಜ್ಜಿ ಒಳಗೆ ಬಂದು ನಮ್ಮಮ್ಮನ ಕಿವಿಯಲ್ಲಿ ಮೆಲ್ಲಗೆ ಕೇಳಿದ್ದು ಇಷ್ಟೇ: "ಈ ಕಾಯ್ಲೆ ಉಡುಗೀಗೂ ಐತಾ?"

ಈ ಕಾಯಿಲೆ ಹುಟ್ಟಿನಿಂದ ಬಂದದ್ದಲ್ಲ ಎಂದು ದೇವರಾಣೆ ಮಾಡಿ ಹೇಳಬಲ್ಲೆ. ಸೇಲಂನ ನೇಕಾರರ ಬೀದಿಯಲ್ಲಿ ಮಗ್ಗದ ಗುಂಡಿಗೆ ಕಾಲು ಬಿಟ್ಟುಕೊಂಡು ಕೂತ ಮನುಷ್ಯ, ಮಂಡಿ ಕೈಕೊಡುವವರೆಗೂ ತಲೆಯೆತ್ತಲಿಲ್ಲ. ನಮ್ಮ ಮನೆಮಾತು ಕನ್ನಡ. ಆದರೆ ಓದು ಬರಹ, ಅಂಗಡಿ, ಆಸ್ಪತ್ರೆ ಎಲ್ಲ ತಮಿಳು. ಜಗಳ, ಕನಸು, ಬೈಗುಳ ಮಾತ್ರ ಕನ್ನಡ. ಮಗ್ಗ ಬಿಟ್ಟ ವರ್ಷ ದೊಡ್ಡಪ್ಪ ಚಾಮರಾಜನಗರದ ಕಡೆ ಒಂದು ಮದುವೆಗೆ ಹೋಗಿದ್ದರು. ಅಲ್ಲಿ ಊಟದ ಎಲೆಯ ಮುಂದೆ ಯಾರೋ ನಗುತ್ತಾ ಕೇಳಿದರಂತೆ, "ಯಜಮಾನ್ರೇ, ನೀವು ಮಾತಾಡ್ತಿರೋದು ಯಾವ ಭಾಷೆ?" ಪಾಯಸವನ್ನು ಅರ್ಧಕ್ಕೆ ಬಿಟ್ಟು ಎದ್ದು ಬಂದರು. ಬಂದ ಮಾರನೆಯ ಬೆಳಿಗ್ಗೆಯೇ, ನಮ್ಮ ಬೀದಿಗೆ ಮೂರು ತಿಂಗಳ ಹಿಂದೆ ಬಾಡಿಗೆಗೆ ಬಂದವನೊಬ್ಬ, ದೊಡ್ಡಪ್ಪ ಹುಟ್ಟಿದ ಮನೆಯ ಮುಂದೆ ನಿಂತು, "ನೀಂಗ ಎಂದ ಊರು? ಇಂಗೆ ಎಪ್ಪೋ ವಂದೀಂಗ?" ಎಂದು ವಿಚಾರಿಸಿದ. ನಿಮ್ಮದು ಯಾವ ಊರು, ಇಲ್ಲಿಗೆ ಯಾವಾಗ ಬಂದಿರಿ ಅಂತ! ಯಾರು ಯಾರನ್ನು ಕೇಳಬೇಕಾದ ಪ್ರಶ್ನೆ ಇದು, ನೀವೇ ಹೇಳಿ.

ಅವತ್ತು ದೊಡ್ಡಪ್ಪ ನನ್ನನ್ನು ಕರೆದು ಕೂರಿಸಿಕೊಂಡರು. "ಅಲ್ಲಿಗೆ ಓದ್ರೆ ನಮ್ದು ಕನ್ನಡಾನೇ ಅಲ್ಲ ಅಂತಾರೆ. ಇಲ್ಲಿದ್ರೆ ಎಪ್ಪೋ ವಂದೀಂಗ ಅಂತಾರೆ. ಒಂದೇ ಒಂದ್ ಕಲ್ಲು ಸಿಗ್ಲಿ ಮಗಾ. ಈ ಮಣ್ಣಾಗೆ ಊತ್ಕಂಡಿರೋ ಕನ್ನಡದ ಕಲ್ಲು. ಆಮ್ಯಾಲೆ ಯಾವನ್ ಕೇಳ್ತಾನೋ ನೋಡಾನ!"

ಧರ್ಮಪುರಿ ಕಡೆ ಹಳೆಯ ಕನ್ನಡ ಶಾಸನಗಳು ಸಿಕ್ಕಿವೆ, ಪುಸ್ತಕದಲ್ಲೂ ಸೇರಿವೆ ಎಂದು ನಾನು ಸಮಾಧಾನ ಹೇಳಿದೆ.

"ಅವು ರಾಜ್ರುದ್ದು. ನಮ್ಮಂತೋರ್ದು ಬೇಕು," ಎಂದರು.

ಇಷ್ಟೆಲ್ಲಾ ಆದ ಮೇಲೆ ಒಂದು ಸಣ್ಣ ತೊಡಕಿತ್ತು. ದೊಡ್ಡಪ್ಪನಿಗೆ ಕನ್ನಡ ಓದಲು ಬರುವುದಿಲ್ಲ! ಕನ್ನಡದ ಕಲ್ಲು ಎದುರಿಗೇ ಬಂದು ನಮಸ್ಕಾರ ಹೇಳಿದರೂ ಗುರುತು ಸಿಗದು. ಮೈಸೂರಿನಲ್ಲಿ ಎರಡು ವರ್ಷ ಓದಿದ ತಪ್ಪಿಗೆ ನಮ್ಮ ವಂಶದಲ್ಲೇ ಕನ್ನಡ ಅಕ್ಷರ ಬಲ್ಲವಳು ನಾನೊಬ್ಬಳು. ಹಾಗಾಗಿ ಕಲ್ಲು ಹುಡುಕುವ ಖಾತೆ ಅವರದು, ಓದುವ ಖಾತೆ ನನ್ನದು ಎಂದಾಯಿತು. ನನ್ನ ಭಾನುವಾರಗಳೆಲ್ಲ ಹಾಗೆ ಮಣ್ಣುಪಾಲಾದವು. ದೊಡ್ಡಮ್ಮ ಬುತ್ತಿ ಕಟ್ಟಿಕೊಡುತ್ತಾ, "ಎಂಗುಸ್ರ ಚಿಂತೆ ಇದ್ದಿದ್ರೆ ಬಯ್ದಾದ್ರೂ ಬುದ್ದಿ ಕಲಿಸ್ತಿದ್ದೆ. ಕಲ್ಲಿನ್ ಚಿಂತೆಗೆ ಯಾರನ್ನ ಬಯ್ಯಾನ?" ಎಂದು ಗೊಣಗುತ್ತಿದ್ದಳು.

ಮೊದಲು ಹೋದದ್ದು ತಾರಮಂಗಲಂ ದೇವಸ್ಥಾನಕ್ಕೆ. ಕಲ್ಲಿನಲ್ಲಿ ಏನೇನು ಪವಾಡ ಕೆತ್ತಿದ್ದಾರೆ ಅಲ್ಲಿ! ಜನ ಬಾಯಿ ಬಿಟ್ಟುಕೊಂಡು ಕತ್ತೆತ್ತಿ ನೋಡುತ್ತಿದ್ದರೆ ದೊಡ್ಡಪ್ಪ ಒಂದು ಕಂಬದ ಹೆಂಗಸಿನ ಸೊಂಟದ ಹತ್ತಿರ ಕನ್ನಡಕ ತಂದುಕೊಂಡು ಕಾಲು ಗಂಟೆ ನಿಂತರು. ನಾನು ನಾಚಿಕೆಯಿಂದ ಅತ್ತ ತಿರುಗಿದೆ. ಪ್ರವಾಸಿಗಳನ್ನು ಕರೆದುಕೊಂಡು ಬಂದಿದ್ದವನೊಬ್ಬ ಗಂಟಲು ಸರಿಮಾಡಿಕೊಂಡು, "ಎನ್ನ ಪೆರಿಯವರೇ, ಅಂಗೆ ಎನ್ನ ಪಾಕ್ಕರೀಂಗ?" ಎಂದು ಕೇಳಿದ. ಅಲ್ಲೇನು ನೋಡುತ್ತಿದ್ದೀರಿ ಎಂದರೆ ದೊಡ್ಡಪ್ಪ ತಿರುಗದೆಯೇ ಉತ್ತರ ಕೊಟ್ಟರು: ಈಯಮ್ಮನ ಸೀರೆಯ ಅಂಚು ಬೇರೆ, ಒಡಲು ಬೇರೆ ನೇಯ್ದು ಜೋಡಿಸಿದ್ದಾರೆ, ಕೆತ್ತಿದವನ ಮನೆಯಲ್ಲಿ ಮಗ್ಗ ಇದ್ದಿರಲೇಬೇಕು, ಎಡಗಡೆಯವಳ ಸೀರೆ ಮಾತ್ರ ಕಳಪೆ ಮಾಲು, ಎರಡು ಒಗೆತಕ್ಕೆ ಪಿಸಿಯುತ್ತದೆ! ಅರ್ಧ ಗಂಟೆಯಲ್ಲಿ ಆತನ ಗಿರಾಕಿಗಳೆಲ್ಲ ದೊಡ್ಡಪ್ಪನ ಹಿಂದೆ ಬಂದಿದ್ದರು. ಅವರಲ್ಲೊಬ್ಬಾಕೆ ತನ್ನ ಸೆರಗು ಮುಂದೆ ಹಿಡಿದು, ಇದು ಅಸಲಿ ಪಟ್ಟೆಯೇ ನೋಡಿ ಹೇಳಿ ಎಂದು ಕೇಳಿದಳು. ಅಲ್ಲ ಎಂದರು ನಮ್ಮ ಸತ್ಯಸಂಧರು. ಆಕೆಯ ಗಂಡನ ಮುಖ ನೋಡಲಾಗದೆ ನಾವು ಹಿಂಬಾಗಿಲಿನಿಂದ ಹೊರಬಂದೆವು.

ಆಮೇಲೆ ಮೊರಪ್ಪೂರು. ರೈಲು ಹಳಿಯ ಆಚೆ, ಸೀಮೆಜಾಲಿಯ ಪೊದೆಯೊಳಗೆ, ಅಕ್ಷರ ಕೆತ್ತಿದ ಕಲ್ಲೊಂದಿದೆ ಎಂದು ಯಾರೋ ಸುದ್ದಿ ಕೊಟ್ಟಿದ್ದರು. ಹೋದೆವು, ಮುಳ್ಳು ಸವರಿದೆವು. ದೊಡ್ಡಪ್ಪ ಕುಡಿಯಲು ತಂದ ನೀರಿನಲ್ಲೇ ಕಲ್ಲಿಗೆ ಸ್ನಾನ ಮಾಡಿಸಿ, ಅಕ್ಷರ ಎದ್ದು ಕಾಣಲೆಂದು ಅರಿಶಿನ ಬಳಿದು, ಇರಲಿ ಎಂದು ಎರಡು ಊದುಬತ್ತಿಯನ್ನೂ ಹಚ್ಚಿದರು.

"ಓದು ಮಗಾ. ಯಾವ್ ಕಾಲದ್ದು?"

ನಾನು ಬಗ್ಗಿ ನೋಡಿದೆ. ಎರಡು ಇಂಗ್ಲಿಷ್ ಅಕ್ಷರ, ಕೆಳಗೊಂದು ನಂಬರು.

"ರೈಲ್ವೆ ಕಾಲದ್ದು ದೊಡ್ಡಪ್ಪ. ಎಲ್ಲೆ ಕಲ್ಲು."

ನಾವು ಚೀಲ ಎತ್ತಿಕೊಂಡು ಹೊರಡುವಷ್ಟರಲ್ಲಿ ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರು ಬಂದು ಕರ್ಪೂರ ಹಚ್ಚಿ ಕೈಮುಗಿದಾಗಿತ್ತು. ಈಗಲೂ ಅಲ್ಲಿ ಶುಕ್ರವಾರ ದೀಪ ಉರಿಯುತ್ತದಂತೆ. ಇಲಾಖೆಯವರಿಗೆ ಗೊತ್ತಿದೆಯೋ ಇಲ್ಲವೋ ಕಾಣೆ.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಮಾವಿನಹಣ್ಣಿಗೆಂದು ಧರ್ಮಪುರಿ ಸೀಮೆಯ ನಲ್ಲಂಪಳ್ಳಿಯ ಕಡೆ ಹೋದಾಗ ಒಂದು ತೋಟದ ಬಾವಿಯ ಬಳಿ ದೊಡ್ಡಪ್ಪ ಗಕ್ಕನೆ ನಿಂತರು. ಒಬ್ಬ ಅಜ್ಜಿ ಬಟ್ಟೆ ಒಗೆಯುತ್ತಿದ್ದಳು. ಕಲ್ಲಿನ ಅಂಚಿನಲ್ಲಿ, ಮಣ್ಣಿಗೆ ತಾಗಿದಂತೆ, ಕೆತ್ತಿದ ಪಾದವೊಂದು ಇಣುಕುತ್ತಿತ್ತು. ಕಳ್ಳರಿಂದ ದನ ಕಾಯಲು ಹೋಗಿ, ಊರು ಉಳಿಸಲು ಹೋಗಿ ಸತ್ತ ಸಾಮಾನ್ಯ ಜನಕ್ಕೆ ನಿಲ್ಲಿಸುವ ವೀರಗಲ್ಲು ಅದು, ಬೋರಲು ಬಿದ್ದಿದೆ ಎಂದು ನನಗೂ ಗೊತ್ತಾಯಿತು. ಅಜ್ಜಿ ಮೊಮ್ಮಗನ ಚಡ್ಡಿಯನ್ನು ಬಡಿಯುತ್ತಾ ನಲ್ಲಿಯಿಂದ ನೀರು ಬಾರದ್ದಕ್ಕೆ ಬೈಯುತ್ತಿದ್ದಳು. ಅದೂ ನಮ್ಮದೇ ಕನ್ನಡದಲ್ಲಿ! ದೊಡ್ಡಪ್ಪನ ಕಣ್ಣು ಅರಳಿತು.

"ಅಕ್ಕಾ, ಆ ಕಲ್ಲು ಒಸಿ ಮಗುಚಾನ?"

"ಮಗುಚ್ಬುಟ್ರೆ ಬಟ್ಟೆ ಎಲ್ ಒಗೀಲಿ? ನಿನ್ ತಲೆ ಮ್ಯಾಲಾ?"

"ಬ್ಯಾರೆ ಕಲ್ಲು ತಂದ್ಕೊಡ್ತೀನಿ."

"ತಾ, ಆಮೇಲೆ ಮಾತಾಡು."

ಇನ್ನೊಬ್ಬರಾಗಿದ್ದರೆ ಅಲ್ಲೇ ಸುತ್ತಮುತ್ತ ಒಂದು ಕಲ್ಲು ನೋಡುತ್ತಿದ್ದರು. ನಮ್ಮವರು ಮುಂದಿನ ಭಾನುವಾರ ನಮ್ಮ ಹಿತ್ತಲಿನ ಕಲ್ಲನ್ನೇ ಗೋಣಿಚೀಲದಲ್ಲಿ ಸುತ್ತಿ ಬಸ್ಸಿಗೆ ಹತ್ತಿಸಿದರು. ದೊಡ್ಡಮ್ಮ ಮೂರು ದಿನ ಮಾತು ಬಿಟ್ಟಳು, ಅದಿರಲಿ. ಕಂಡಕ್ಟರು ಚೀಲವನ್ನು ಬೂಟಿನಿಂದ ಮುಟ್ಟಿ, "ಇದು ಎನ್ನ?" ಎಂದ.

"ಕಲ್ಲು."

"ಸರಿ, ಉಳ್ಳೇ ಎನ್ನ ಇರುಕ್ಕು?"

ಒಳಗೇನಿದೆ ಎಂದರೆ ಏನು ಹೇಳುವುದು? "ಒಳಗೂ ಕಲ್ಲೇ," ಎಂದರು ದೊಡ್ಡಪ್ಪ, ತಮಿಳಿನಲ್ಲಿ, ಬಹಳ ಗಂಭೀರವಾಗಿ. ಕಂಡಕ್ಟರು ಇಡೀ ಬಸ್ಸಿಗೆ ಕೇಳುವಂತೆ, ಬೇರೆಲ್ಲಾ ಊರು ಬಿಟ್ಟು ಧರ್ಮಪುರಿಗೆ ಕಲ್ಲು ಹೊತ್ತುಕೊಂಡು ಹೋಗುವವರನ್ನು ಇವತ್ತೇ ನೋಡಿದ್ದು ಎಂದ. ಅವನಂದದ್ದು ನಿಜವೇ, ಆ ಸೀಮೆಯಲ್ಲಿ ಕಲ್ಲು ಬಿಟ್ಟು ಇನ್ನೇನಿದೆ! ಇಳಿಯುವವರೆಗೂ ಬಸ್ಸು ನಗುತ್ತಲೇ ಇತ್ತು.

ಅಜ್ಜಿ ಹೊಸ ಕಲ್ಲನ್ನು ಕೈಯಿಂದ ಸವರಿ, ಮೂಸಿಯೂ ನೋಡಿದಳು. "ಒಗ್ದು ನೋಡ್ದೆ ನಾ ಒಪ್ಪಾಕಿಲ್ಲ. ಯಾವ್ದಾರ ಬಟ್ಟೆ ಕೊಡು."

ಇದ್ದದ್ದು ಉಟ್ಟ ಪಂಚೆಯೊಂದೇ. ಮಗ್ಗ ಬಿಡುವ ಮುಂಚೆ ಅವರು ಕಟ್ಟಕಡೆಗೆ ನೇಯ್ದ ರೇಷ್ಮೆಯಂಚಿನ ಪಂಚೆ. ಹುಲ್ಲಿನ ಮೆದೆಯ ಹಿಂದೆ ಹೋಗಿ, ಟವೆಲು ಸುತ್ತಿಕೊಂಡು ಬಂದು, ಪಂಚೆಯನ್ನು ಹಸುಗೂಸನ್ನು ಕೊಟ್ಟಂತೆ ಕೊಟ್ಟರು. ಅಜ್ಜಿ ಎತ್ತಿ ಬಡಿದಳು. ದಬ್! ದಬ್!

"ಅಕ್ಕಾ, ಅಂಚು! ಅಂಚು!"

"ಅಂಚು ಓದ್ರೆ ಓಗ್ಲಿ, ಕಲ್ಲು ಎಂಗೈತೆ ಅಂತ ನೋಡ್ಬೇಕಲ್ಲಾ!"

ಒಂದೊಂದು ಏಟಿಗೂ ದೊಡ್ಡಪ್ಪ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕೊನೆಗೂ ಕಲ್ಲು ಪಾಸಾಯಿತು. ಅಜ್ಜಿಯ ಮಗ ಹಾರೆ ತಂದು ಹಳೆಯ ಕಲ್ಲನ್ನು ಮಗುಚಿದ.

ಬಿಲ್ಲು ಹಿಡಿದ ಒಬ್ಬ ಗಂಡಸು, ಕಾಲ ಬಳಿ ಎರಡು ಹಸು, ತಲೆಯ ಮೇಲೆ ಮೂರು ಸಾಲು ಅಕ್ಷರ. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಅಯ್ಯೋ ನನ್ನಪ್ಪಾ, ಇಷ್ಟ್ ದಿನ ನಿನ್ನ ಮಕಾಡೆ ಮಲಗ್ಸಿ ಬೆನ್ ಮ್ಯಾಲೆ ಬಟ್ಟೆ ಒಗುದ್ನಲ್ಲಾ!"

"ಓದು ಮಗಾ," ಎಂದರು ದೊಡ್ಡಪ್ಪ.

ಅಕ್ಷರಗಳೇನೋ ಗುಂಡಗಿದ್ದವು. ಒಂದೂ ನನಗೆ ತಿಳಿಯಲಿಲ್ಲ. ಪರಿಚಯದ ನಿವೃತ್ತ ಇತಿಹಾಸದ ಮೇಷ್ಟ್ರೊಬ್ಬರಿಗೆ ಫೋಟೋ ಕಳಿಸಿದೆ. ಅಜ್ಜಿ ಕೊಟ್ಟ ಮಜ್ಜಿಗೆ ಮುಗಿಯುವ ಮೊದಲೇ ಅವರು ಫೋನು ಮಾಡಿದರು. ಇದು ಹಳೆಯ ಕಾಲದ ಗುಂಡಕ್ಷರದ ತಮಿಳು. ಹಸು ಬಿಡಿಸಿಕೊಂಡು ಬರಲು ಹೋಗಿ ಸತ್ತವನು. ಅವನ ಹೆಸರೂ ಊರೂ ಇದ್ದ ಸಾಲು ಒಡೆದುಹೋಗಿದೆ ಎಂದರು.

ದೊಡ್ಡಪ್ಪ ಟವೆಲಿನಲ್ಲೇ ಬಾವಿಯ ಕಟ್ಟೆಯ ಮೇಲೆ ಕೂತರು.

"ಒಂದ್ ಕಲ್ಲಾದ್ರೂ ನಮ್ ಕಡೆ ಸಾಕ್ಸಿ ಏಳಾಕಿಲ್ವಲ್ಲ ಮಗಾ."

ಅಜ್ಜಿಗೆ ಸಿಟ್ಟು ಬಂತು. "ಯಾವನ್ ಏಳಿದ್ದು? ನಮ್ಮತ್ತೆ ಈ ಕಲ್ಲಿನ್ ಮುಂದೇನೇ ನಿಂತ್ಕಂಡು ನನ್ನ ಕನ್ನಡದಾಗೆ ಬಯ್ದು ಬಯ್ದು ಎಣ ಮಾಡಿದ್ಲು. ಅವ್ಳನ್ನ ಅವ್ಳತ್ತೆ ಇಲ್ಲೇ ಬಯ್ದಿದ್ಲಂತೆ. ಇಷ್ಟ್ ಬೈಗ್ಳ ಕೇಳಿರೋ ಕಲ್ಲಿಗೆ ಕನ್ನಡ ಬರಾಕಿಲ್ವಾ? ನಿನ್ಗಿಂತ ಚೆಂದಾಗ್ ಬತ್ತದೆ!"

ದೊಡ್ಡಪ್ಪ ತಲೆಯೆತ್ತಿದರು. "ಏನಂತ ಬಯ್ಯೋರಕ್ಕಾ?"

"ಎಣ್ಮಗು ಮುಂದೆ ಅದ್ನೆಲ್ಲಾ ಏಳಾಕಾಯ್ತದಾ?"

"ಏಳಕ್ಕಾ."

ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅತ್ತೆಯ ದನಿ ತಂದುಕೊಂಡು ಕೂಗಿದಳು. "'ನಿನ್ ಕೈಗೆ ಕರಿನಾಗ್ರ ಸುತ್ಕಳಾ!'"

"ಸುತ್ಕಂಡ್ರೂ ಕಚ್ದೆ ಇಳ್ದೋಗ," ಎಂದರು ದೊಡ್ಡಪ್ಪ.

ಅಜ್ಜಿ ಅವರನ್ನೇ ನೋಡಿದಳು. "ಅದ್ಯಾವ್ದು? ನಮ್ಮತ್ತೆ ಅದ್ನ ಏಳ್ತಿರ್ಲಿಲ್ಲ."

"ನಮ್ಮವ್ವ ಏಳ್ತಿತ್ತು. ನೂಲು ಸಿಕ್ಕು ಮಾಡಿದಾಗೆಲ್ಲ ಮೊದುಲ್ನೇದು ಏಳಿ, ನಾನು ಅತ್ತುಬುಟ್ರೆ ಎರಡ್ನೇದು ಸೇರಿಸ್ತಿತ್ತು." ದೊಡ್ಡಪ್ಪ ನಗಲು ಹೋದರು. ಆಗಲಿಲ್ಲ. ಎಪ್ಪತ್ತು ದಾಟಿದ ಮನುಷ್ಯ, ಟವೆಲಿನ ತುದಿಯಿಂದ ಮುಖ ಒರೆಸಿಕೊಂಡರು. ಅಜ್ಜಿ ಬಂದು ಪಕ್ಕದಲ್ಲಿ ಕೂತು ಬೆನ್ನು ಸವರಿದಳು.

"ಬರ್ಕೋ ಮಗಾ. ಕನ್ನಡದಾಗೆ ಬರಿ," ಎಂದರು ದೊಡ್ಡಪ್ಪ.

ನನ್ನ ಡೈರಿಯ ಹಾಳೆ ತೆರೆದು ಎರಡೂ ಸಾಲುಗಳನ್ನು ದೊಡ್ಡದಾಗಿ ಬರೆದೆ. ದೊಡ್ಡಪ್ಪ ಡೈರಿಯನ್ನು ತೊಡೆಯ ಮೇಲಿಟ್ಟುಕೊಂಡು ತುಂಬಾ ಹೊತ್ತು ನೋಡಿದರು.

"ಅವ್ವಂದು ಎಲ್ಲಿಂದ ಸುರು?"

ಅವರ ಬೆರಳು ಹಿಡಿದು ಎರಡನೆಯ ಸಾಲಿನ ಮೊದಲ ಅಕ್ಷರದ ಮೇಲೆ ಇಟ್ಟೆ. ನನಗೂ ಅಳು ಬಂದಿತ್ತು. ದೊಡ್ಡಪ್ಪ ಬಾಯಲ್ಲಿ ಮೆಲ್ಲಗೆ ಹೇಳಿಕೊಳ್ಳುತ್ತಾ ಸಾಲಿನ ಕೊನೆಯವರೆಗೂ ಬೆರಳು ಎಳೆದರು. ಮತ್ತೆ ಮೊದಲಿಗೆ ಬಂದರು.