ಮುಂದಿನ ಸಾಲಿನ ಕೇಳುಗ

ಬೆಳಿಗ್ಗೆ ಮೊಬೈಲಿಗೆ ಬಂದ ಒಂದೇ ಸಾಲು ರಬಕವಿಯ ಚನಮಲ್ಲಪ್ಪನ ನೆಮ್ಮದಿ ಕೆಡಿಸಿತು. ‘ಐರನ್ ಲ್ಯಾಂಟರ್ನ್’ ರಾಕ್ ಬ್ಯಾಂಡಿನ ಮುಂಬೈ ಕಾರ್ಯಕ್ರಮದ ಹಳೆಯ ವಿಡಿಯೊ ಸಿಕ್ಕಿದೆ, ಸಂಜೆ ಜಮಖಂಡಿಗೆ ಬನ್ನಿ ಎಂದು ಅಭಿಮಾನಿ ಬಳಗದ ಸಂಜಯ ಬರೆದಿದ್ದ.

ಇಪ್ಪತ್ತೆಂಟು ವರ್ಷದ ಹಿಂದೆ ಸೀರೆ ಗಂಟು ಮುಟ್ಟಿಸಲು ಮುಂಬೈಗೆ ಹೋದಾಗ, ವ್ಯಾಪಾರಿಯೊಬ್ಬ ಕೊಟ್ಟ ಟಿಕೆಟ್ಟಿನಲ್ಲಿ ಚನಮಲ್ಲಪ್ಪ ಆ ಕಾರ್ಯಕ್ರಮಕ್ಕೆ ಹೋಗಿದ್ದು ನಿಜ. ಮುಂದಿನ ಸಾಲಿನಲ್ಲಿ ಕೂತಿದ್ದೂ ನಿಜ. ಆದರೆ ಪವರ್‌ಲೂಮ್ ಸದ್ದಿನಲ್ಲೇ ತೊಟ್ಟಿಲಲ್ಲಿ ಮಲಗಿ ಬೆಳೆದವನು. ಡ್ರಮ್ಮಿನ ಮೊದಲ ಏಟಿಗೇ ನಿದ್ದೆ ಹೋಗಿದ್ದ. ಅವರ ಓಣಿಯಲ್ಲಿ ಜನಕ್ಕೆ ಎಚ್ಚರವಾಗುವುದೇ ಕರೆಂಟು ಹೋಗಿ ಮಗ್ಗ ನಿಂತಾಗ. ಇದನ್ನು ಯಾರಿಗೂ ಹೇಳದೆ, ಒಂದೊಂದು ಹಾಡನ್ನೂ ಬಣ್ಣಿಸಿ ಬಣ್ಣಿಸಿ ಬಳಗದ ಹಿರಿಯನಾಗಿಬಿಟ್ಟಿದ್ದ. ಪಾಪ, ಅವನಿಗಿದ್ದ ಮರ್ಯಾದೆ ಅದೊಂದೇ. ವಿಡಿಯೊದಲ್ಲಿ ತಾನು ಬಾಯಿ ತೆರೆದು ಮಲಗಿದ್ದು ಕಂಡರೆ ಗತಿಯೇನು?

“ಮೈಯಾಗ ಆರಾಮಿಲ್ಲ,” ಎಂದು ಕಂಬಳಿ ಹೊದ್ದ.

ಹೆಂಡತಿ ಗುರುಬಾಯಿ ಹಣೆ ಮುಟ್ಟಿ ನೋಡಿದಳು. “ಈಗಷ್ಟ ಆರು ರೊಟ್ಟಿ ತಿಂದೀರಿ. ಏಳ್ರಿ.”

ಹಿತ್ತಲಿನಿಂದ ನುಸುಳಿ ಚಿಮ್ಮಡ ಊರಿನ ಕಡೆ ಹೊರಟಿದ್ದ ಆಟೊ ಹತ್ತಿದರೆ ಒಳಗೆ ಪಕ್ಕದ ಮನೆಯ ಕಾಮಣ್ಣ. ಈ ಮುಂಬೈ ಕತೆಯನ್ನು ಇಂದಿನವರೆಗೂ ನಂಬದವನು ಅವನೊಬ್ಬನೇ.

“ನೀ ಹಿಂಗ ಓಡತಿ ಅಂತ ಗೊತ್ತಿತ್ತಲೇ. ಜಮಖಂಡಿ ಆ ಕಡಿ ಐತಿ, ಇಳಿ. ನೀ ಮುಂಬೈಕ ಹೋಗಿದ್ದಿ ಇಲ್ಲೋ ಇವತ್ತ ನೋಡೇ ಬಿಡೂನು,” ಎಂದು ರಟ್ಟೆ ಹಿಡಿದು ಬಸ್ಸು ಹತ್ತಿಸಿದ.

ಸಂಜಯನ ಮನೆಯಲ್ಲಿ ಚನಮಲ್ಲಪ್ಪನಿಗೇ ಮುಂದಿನ ಕುರ್ಚಿ. ಪಕ್ಕದಲ್ಲಿ ಮುಧೋಳದಿಂದ ಬಂದ ಬಳಗದ ಹುಡುಗಿ ಮಧುಮತಿ.

“ಗಿಟಾರ್ ತಂತಿ ಹರದಿದ್ದು ಯಾವ ಹಾಡಿನಾಗ್ರಿ ಕಾಕಾ? ನೀವು ಹೇಳತಿದ್ರೆಲ್ಲ.”

“ಅದು ಮುಂದ ಬರತೈತಿ ತಂಗಿ,” ಎಂದು ಬೆವರು ಒರೆಸಿಕೊಂಡ.

ಮುಂದಿನ ಸಾಲಿನಿಂದ ಯಾರೋ ತೆಗೆದ ವಿಡಿಯೊ ಅದು. ಪುಣ್ಯಕ್ಕೆ ಕ್ಯಾಮೆರಾ ವೇದಿಕೆ ಬಿಟ್ಟು ಅತ್ತಿತ್ತ ಅಲುಗಲಿಲ್ಲ. ಜನರ ಮುಖವೇ ಇಲ್ಲ. ಚನಮಲ್ಲಪ್ಪನಿಗೆ ಹೋದ ಜೀವ ಬಂದಂತಾಯಿತು.

“ಇನ್ನಷ್ಟ ಜೋರ್ ಇಡೋ ಸಂಜು,” ಎಂದು ಕಾಲ ಮೇಲೆ ಕಾಲು ಹಾಕಿ ಒರಗಿದ. ಸಂಜಯ ಇಟ್ಟ. ಗೋಡೆ ನಡುಗಿತು.

ಎಷ್ಟೋ ಹೊತ್ತಿನ ಮೇಲೆ ಹಾಡು ತಟ್ಟನೆ ನಿಂತಿತು. ಹಾಡುಗಾರ ಕೈಯೆತ್ತಿ ಮೈದಾನವನ್ನೆಲ್ಲ ಸುಮ್ಮನಾಗಿಸಿದ್ದ. ಚನಮಲ್ಲಪ್ಪ ದಡಬಡಿಸಿ ನೆಟ್ಟಗೆ ಕೂತ.

“ಕರೆಂಟ್ ಹೋತೇನು?”

ಎಲ್ಲರೂ ತಿರುಗಿದರು. “ನಿದ್ದಿ ಹತ್ತಿತ್ತೇನ್ರಿ ಕಾಕಾ?” ಎಂದ ಸಂಜಯ.

“ಏ, ಕಣ್ಣ ಮುಚ್ಚಿ ಕೇಳಾಕತ್ತಿದ್ನೋ. ಅವತ್ತೂ ಹಿಂಗ ಕೇಳಿದ್ದೆ.”

ಹಾಡುಗಾರ ಇನ್ನೂ ಕೈ ಇಳಿಸಿರಲಿಲ್ಲ. ವಿಡಿಯೊದ ಆ ಮೌನದಲ್ಲಿ, ಕ್ಯಾಮೆರಾದ ಮಗ್ಗುಲಿನಿಂದಲೇ, ನಿದ್ದೆಯಿಂದ ಎದ್ದ ದನಿಯೊಂದು ಸ್ಪಷ್ಟವಾಗಿ ಕೇಳಿತು:

“ಕರೆಂಟ್ ಹೋತೇನು?”

ಕಾಮಣ್ಣ ಎದ್ದು ಬಂದು ಚನಮಲ್ಲಪ್ಪನ ಕೈ ಹಿಡಿದುಕೊಂಡ.

“ತಪ್ಪಾತಪಾ. ನೀ ಹೋಗಿದ್ದು ಖರೆ.”