ಮೇಲಿಂದ ಹೋದವನ ಗೇಟ್ ಪಾಸ್

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಸೂಪರ್‌ವೈಸರ್ ಆಗಿದ್ದೆ. ಹೇಳದೆ ರಜೆ ಹಾಕಿದವರನ್ನು ಕಾರಣ ಕೇಳುವುದು ನನ್ನ ಪಾಲಿಗೆ ಬಂದ ಕೆಲಸ. ಒಬ್ಬನ ಅಜ್ಜಿಯಂತೂ ನನ್ನ ಕಾಲದಲ್ಲೇ ನಾಲ್ಕು ಸಲ ತೀರಿಕೊಂಡರು. ನಾಲ್ಕು ಸಲವೂ ನಾನು 'ಅಯ್ಯೋ ಪಾಪ' ಅಂದಿದ್ದೇನೆ. ಇಂಥವು ನಡೆಯುತ್ತಲೇ ಇರುತ್ತವೆ. ಆದರೆ ನಮ್ಮ ಗ್ರೈಂಡಿಂಗ್ ಆಪರೇಟರ್ ಕೊಟ್ಟ ಕಾರಣವನ್ನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

ಒಯ್ದರಂತೆ

ಅವನು ಕೊಪ್ಪಳದ ಕಡೆಯವನು. ರಾಜಗೋಪಾಲನಗರದಲ್ಲಿ ಬಾಡಿಗೆ ರೂಮು ಮಾಡಿಕೊಂಡು ಹೆಂಡತಿಯೊಂದಿಗೆ ಇದ್ದ. ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಆದರೆ ಆಗಾಗ ಹೇಳದೆ ಕೇಳದೆ ಮಾಯವಾಗುತ್ತಿದ್ದ. ಇನ್ನೊಂದು ಸಲ ಹೀಗೆ ಮಾಡಿದರೆ ಕೆಲಸಕ್ಕೆ ಬರಲೇಬೇಡ ಎಂದು ಮಾಲೀಕರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಹೇಳಿ ವಾರ ಕಳೆದಿರಲಿಲ್ಲ, ಶುಕ್ರವಾರ ಊಟದ ಬೆಲ್ ಆದ ಮೇಲೆ ಮಷೀನಿನ ಮುಂದೆ ಆಸಾಮಿ ಇಲ್ಲ. ಶನಿವಾರವೂ ಇಲ್ಲ. ಸೋಮವಾರ ಬೆಳಗ್ಗೆ ಕಾರ್ಡ್ ಪಂಚ್ ಮಾಡಿ ನನ್ನೆದುರು ಬಂದು ನಿಂತ.

"ಹಿಂದ ಗುಜರಿ ಹಾಕೋ ಜಾಗದಾಗ ನಿಂತಿದ್ನಿರಿ ಸರ. ಮ್ಯಾಲಿಂದ ಬೆಳಕು ಬಂತು. ಹಾರೋ ತಟ್ಟಿ. ಎತ್ಕೊಂಡು ಒಯ್ದ್ರು. ಎರಡು ದಿನ ಇಟ್ಕೊಂಡು ನಿನ್ನಿ ತಂದು ಬಿಟ್ರು."

ಆಗ ಟೀವಿಯಲ್ಲಿ ದಿನ ಬಿಟ್ಟು ದಿನ ಹಾರುವ ತಟ್ಟೆಯದೇ ಕಾರ್ಯಕ್ರಮ. ಸರಕು ಎಲ್ಲಿಂದ ಬಂತೆಂದು ನನಗೆ ಹೊಳೆಯಿತು. ಸಿಟ್ಟು ಬಂತು, ಇವನ ಕೆಲಸ ಹೋಯಿತಲ್ಲ ಎಂದು ಮರುಕವೂ ಆಯಿತು.

ಟೀ ಹೊತ್ತಿಗೆ ಎಲ್ಲರೂ ಅವನನ್ನು ಸುತ್ತುವರಿದರು. ಅನ್ಯಗ್ರಹದವರಿಗೆ ಕಣ್ಣು ಎಷ್ಟು, ಕಾಲು ಎಷ್ಟು ಎಂದು ಒಬ್ಬರೂ ಕೇಳಲಿಲ್ಲ. ತಟ್ಟೆಗೆ ವೆಲ್ಡಿಂಗ್ ಮಾಡಿದ್ದರೋ ರಿವೆಟ್ ಹೊಡೆದಿದ್ದರೋ ಎಂದು ವೆಲ್ಡರ್ ಕೇಳಿದ. ಅದಕ್ಕೆ ಜಾಯಿಂಟೇ ಇರಲಿಲ್ಲ, ಹಾರುವಾಗ ಸದ್ದೂ ಇರಲಿಲ್ಲ ಎಂದ ಇವನು. ಮೆಂಟೆನೆನ್ಸಿನ ಹಿರಿಯರೊಬ್ಬರು ಲೋಟ ಕೆಳಗಿಟ್ಟರು.

"ಸದ್ದು ಮಾಡದ ಮಷೀನು ನನ್ನ ಸರ್ವೀಸಲ್ಲಿ ಒಂದೇ ನೋಡಿದೀನಿ ಕಣಯ್ಯ. ಅದು ಕೆಟ್ಟು ನಿಂತಿತ್ತು."

ರಿಜಿಸ್ಟರ್ ಸಾಕ್ಷಿ

ನಮ್ಮಲ್ಲಿ ಇರುವುದು ಒಂದೇ ಗೇಟು. ಗಾರ್ಡ್ ಮಾದನಾಯಕನಹಳ್ಳಿಯ ಹಳೇ ಮನೆತನದವನು. ಗೇಟ್ ಪಾಸ್ ಇಲ್ಲದೆ ಒಂದು ನಟ್ಟೂ ಹೊರಗೆ ಹೋಗದು ಎಂಬುದು ಅವನ ಹೆಮ್ಮೆ. ಹಾಗಾದರೆ ಇಷ್ಟೆತ್ತರದ ಮನುಷ್ಯ ಹೇಗೆ ಹೋದ ಎಂದು ಕೇಳಿದೆ. ಅವನು ರಿಜಿಸ್ಟರ್ ಬಿಚ್ಚಿ, ಶುಕ್ರವಾರದ ಪುಟದ ಮೇಲೆ ಬೆರಳಾಡಿಸಿದ.

"ನನ್ ಗೇಟಿಂದ ಯಾರೂ ಓಗಿಲ್ಲ ಸಾರ್. ಮೇಲಿಂದ ಓಗಿದ್ರೆ ಅದು ನನ್ ಡ್ಯೂಟಿಗೆ ಬರಲ್ಲ."

ಹೀಗೆ ಹಾರುವ ತಟ್ಟೆಯನ್ನು ನಂಬಿದ ಮೊದಲನೆಯವನು ಅವನೇ. ನಾನು ಬಿಡಲಿಲ್ಲ, ಹಿಂದುಗಡೆಗೆ ಕರೆದುಕೊಂಡು ಹೋದೆ. ಕಾಂಪೌಂಡಿಗೆ ಒತ್ತಿ ಒಂದು ಆಯಿಲ್ ಡ್ರಮ್ ಬೋರಲಾಗಿತ್ತು. ಅದರ ಮೇಲೆ ಚಪ್ಪಲಿಯ ಗುರುತು ಒತ್ತಿದ ಹಾಗೆ ಕಾಣುತ್ತಿತ್ತು. ಗಾರ್ಡ್ ಬಗ್ಗಿ ಬಗ್ಗಿ ನೋಡಿದ.

"ತಟ್ಟೆಯವ್ರೇ ಇಟ್ಕೊಂಡಿರ್ತಾರೆ ಸಾರ್, ಇಳಿಯಕ್ಕೆ."

ಹೆಂಡತಿಯ ಮಾತು

ಸುದ್ದಿ ಮಾಲೀಕರಿಗೆ ಮುಟ್ಟಿತು. ಅವರು ನಗಲಿಲ್ಲ. ಅವನ ಹೆಂಡತಿಯನ್ನು ಕರೆಸಿ, ಆಕೆ ನಂಬಿದರೆ ನಾನೂ ನಂಬುತ್ತೇನೆ, ಇಲ್ಲದಿದ್ದರೆ ಇವತ್ತೇ ಲೆಕ್ಕ ಚುಕ್ತಾ ಎಂದರು. ಮಧ್ಯಾಹ್ನ ಆಕೆ ಬಂದು ಬಾಗಿಲ ಬಳಿ ನಿಂತಳು. ಗಂಡ ಮೆಲ್ಲಗೆ ನನ್ನ ಹಿಂದಕ್ಕೆ ಸರಿದ. ಆಕೆ ನಂಬಲಿ ಎಂದು ನಾನೂ ಮನಸ್ಸಿನಲ್ಲೇ ಬೇಡಿಕೊಂಡೆ. ಅಂಥ ಕೆಲಸಗಾರ ನನಗೆ ಮತ್ತೆಲ್ಲಿ ಸಿಗಬೇಕು?

"ಒಯ್ದಿರಬಹುದ್ರಿ ಸರ," ಎಂದಳು ಆಕೆ. "ಆದ್ರ ಎರಡು ದಿನ ಇಟ್ಕೊಂಡಿದ್ರು ಅಂತಾರಲ್ಲ, ಅದನ್ನ ನಂಬಾಕ ಆಗವಲ್ದು. ಇವರನ್ನ ಅಷ್ಟೊತ್ತು ಯಾರು ತಡಕೋತಾರ?"

ಮಾಲೀಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟು ನಕ್ಕ ಮೇಲೆ ಕೆಲಸದಿಂದ ತೆಗೆಯುವುದು ಯಾರಿಗೂ ಆಗದು. ಇದೇ ಕೊನೆ ಎಂದು ಎಚ್ಚರಿಸಿ, ಇನ್ನು ಮುಂದೆ ನೆಲದಿಂದ ಹೋದರೂ ಆಕಾಶದಿಂದ ಹೋದರೂ ಗೇಟ್ ಪಾಸ್ ಬೇಕೇ ಬೇಕು ಎಂದು ಗಾರ್ಡಿಗೆ ತಮಾಷೆಯಾಗಿ ಹೇಳಿದರು.

ಗಾರ್ಡಿಗೆ ತಮಾಷೆ ಗೊತ್ತಿಲ್ಲ. ಅಲ್ಲೇ ಪಾಸ್ ಪುಸ್ತಕ ತೆಗೆದು, ರಿಟರ್ನಬಲ್ ಬರೀಲಾ, ನಾನ್ ರಿಟರ್ನಬಲ್ ಬರೀಲಾ ಎಂದು ನನ್ನನ್ನು ಕೇಳಿದ. ಹಾಗೆಂದರೇನು ಎಂದು ಆಕೆ ವಿಚಾರಿಸಿದಳು. ರಿಪೇರಿಗೆ ಹೋಗಿ ವಾಪಸ್ ಬರುವ ಸಾಮಾನಿಗೆ ಮೊದಲನೆಯದು, ಹೋದದ್ದು ಹೋಗಿಯೇಬಿಡುವ ಸಾಮಾನಿಗೆ ಎರಡನೆಯದು ಎಂದು ನಾನು ಬಿಡಿಸಿ ಹೇಳಿದೆ.

ಆಕೆ ಗಂಡನನ್ನು ತಲೆಯಿಂದ ಕಾಲಿನವರೆಗೂ ಒಮ್ಮೆ ನೋಡಿದಳು.

"ರಿಪೇರಿ ಮಾಡಿ ಕಳಸ್ತಾರಂದ್ರ ಮೊದಲನೇದು ಬರೀರಿ. ಇದ್ದಾಂಗ ವಾಪಸ್ ಕಳಸೋದಾದ್ರ ಎರಡನೇದ ಇರ್ಲಿ."